ಮಾತಿಲ್ಲದ ಸಿನಿಮಾ ಮತ್ತು ನಮ್ಮ ಮನೆಯ ಮೌನ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರು ಮುಂದೆ ಏನೆಲ್ಲ ಮಾಡುತ್ತದೆ ಅನ್ನುವುದರ ಬಗ್ಗೆ ಮಾತಾಡು" ಎಂದಿದ್ದರು. ನಾನು ಮೂಕಿ ಸಿನಿಮಾದ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮೂಕಿ ಸಿನಿಮಾ ಅಂದಮೇಲೆ ಅದೂ ಸರಿಯೇ ಅನ್ನಿ. ಆದರೆ ನನಗೆ ಇವೆರಡೂ ಒಂದೇ ವಿಷಯ. ಯಾಕೆ ಎಂದು ಮಾತು ಮುಗಿಯುವುದರೊಳಗೆ ಹೇಳುತ್ತೇನೆ.

ನಾನು ಇಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಶನಿವಾರ ನಮ್ಮ ಡ್ರಾಯಿಂಗ್ ಮಾಸ್ತರು ಎಲ್ಲಿಂದಲೋ ಒಂದು ಟಿವಿ, ಒಂದು ಸಿಡಿ ಪ್ಲೇಯರ್ ತಂದು, ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದರು. ಚಿತ್ರ ಶುರುವಾಗಿ ಹತ್ತು ನಿಮಿಷವಾದರೂ ಯಾರೂ ಮಾತಾಡುತ್ತಿಲ್ಲ. ಹಿಂದಿನಿಂದ ಒಬ್ಬ, "ಮಾಸ್ತರೇ, ಸೌಂಡ್ ಹೋಗಿದೆ" ಎಂದು ಕೂಗಿದ. ಆ ಒಬ್ಬ ನಾನೇ. ಮಾಸ್ತರು ತಿರುಗಿಯೂ ನೋಡದೆ, "ಸೌಂಡ್ ಸರಿ ಉಂಟು. ನೀನು ಬಾಯಿ ಮುಚ್ಚು, ಕಣ್ಣು ಬಿಡು" ಎಂದರು.

ಅದು 'ಪುಷ್ಪಕ ವಿಮಾನ'. 1987ರ ಚಿತ್ರ. ಸಿಂಗೀತಂ ಶ್ರೀನಿವಾಸರಾವ್ ಅವರ ನಿರ್ದೇಶನ, ನಿರ್ಮಾಣದಲ್ಲಿ ನಮ್ಮ ಶೃಂಗಾರ್ ನಾಗರಾಜ್ ಅವರ ಪಾಲು, ಬಿ.ಸಿ. ಗೌರಿಶಂಕರ್ ಅವರ ಛಾಯಾಗ್ರಹಣ, ಎಲ್. ವೈದ್ಯನಾಥನ್ ಅವರ ಸಂಗೀತ. ನಾಯಕ ಕಮಲ ಹಾಸನ್, ನಾಯಕಿ ಅಮಲಾ. ಚಿತ್ರ ತೆಗೆದದ್ದು ಬೆಂಗಳೂರಿನಲ್ಲಿ. ಮಾತೇ ಇಲ್ಲದ್ದರಿಂದ ಅದಕ್ಕೆ ಡಬ್ಬಿಂಗ್ ಬೇಕಾಗಲಿಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ಹೆಸರು ಮಾತ್ರ ಬದಲಿಸಿ ತೋರಿಸಿದರು. ಒಳ್ಳೆಯ ಮನರಂಜನೆ ಕೊಡುವ ಜನಪ್ರಿಯ ಚಿತ್ರ ಎಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಕೆಲಸವಿಲ್ಲದ ಒಬ್ಬ ವಿದ್ಯಾವಂತ ಹುಡುಗ. ಒಂದು ಹಳೆಯ ಕಟ್ಟಡದ ಮಾಳಿಗೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾನೆ. ಪಕ್ಕದಲ್ಲೇ ಸಿನಿಮಾ ಟಾಕೀಸು, ರಾತ್ರಿಯೆಲ್ಲ ಹೊಡೆದಾಟದ ಸದ್ದು. ಒಂದು ದಿನ ಕುಡಿದು ಬಿದ್ದಿದ್ದ ಶ್ರೀಮಂತನೊಬ್ಬ ಅವನಿಗೆ ಸಿಗುತ್ತಾನೆ. ಅವನನ್ನು ಕೋಣೆಯಲ್ಲಿ ಕಟ್ಟಿಹಾಕಿ, ಅವನ ಬೀಗದಕೈ ತೆಗೆದುಕೊಂಡು, ಐದು ನಕ್ಷತ್ರದ ಹೋಟೆಲಿನಲ್ಲಿ ಅವನಾಗಿಯೇ ಇರತೊಡಗುತ್ತಾನೆ. ಮೆತ್ತನೆಯ ಹಾಸಿಗೆ, ತಣ್ಣನೆಯ ಗಾಳಿ. ಆದರೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಅಲ್ಲಿ ಗಲಾಟೆ ಇಲ್ಲ! ಕೊನೆಗೆ ತನ್ನ ಹಳೆಯ ಕೋಣೆಗೆ ಹೋಗಿ, ಪಕ್ಕದ ಟಾಕೀಸಿನ ಸದ್ದನ್ನೆಲ್ಲ ಟೇಪಿಗೆ ತುಂಬಿಕೊಂಡು ಬಂದು, ಅದನ್ನು ಕೇಳುತ್ತ ಹಾಯಾಗಿ ಮಲಗುತ್ತಾನೆ. ಆ ದಿನ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಬೆಂಗಳೂರಿಗೆ ಹೋದ ಮೊದಲ ವರ್ಷ ಸಮುದ್ರದ ಸದ್ದಿಲ್ಲದೆ ನಿದ್ದೆ ಬಾರದೆ ಹೊರಳಾಡುವಾಗ ಆ ನಗು ನೆನಪಾಯಿತು.

ಅದೇ ಹೋಟೆಲಿನಲ್ಲಿ ಒಬ್ಬ ಜಾದೂಗಾರನ ಮಗಳಿದ್ದಾಳೆ. ಇಬ್ಬರಿಗೂ ಕಣ್ಣಲ್ಲೇ ಪ್ರೀತಿಯಾಗುತ್ತದೆ. ಆದರೆ ಅವಳು ಮೆಚ್ಚಿದ್ದು ಇವನು ಹಾಕಿಕೊಂಡ ವೇಷವನ್ನು. ಅದು ಅವನಿಗೂ ಗೊತ್ತು. ಕೊನೆಗೆ ಶ್ರೀಮಂತನನ್ನು ಬಿಟ್ಟು, ನಿಜವನ್ನೆಲ್ಲ ಹುಡುಗಿಗೆ ಬರೆದು ತಿಳಿಸುತ್ತಾನೆ. ಊರು ಬಿಟ್ಟು ಹೊರಟ ಅವಳು ಒಂದು ಗುಲಾಬಿಯ ಜೊತೆ ತನ್ನ ವಿಳಾಸದ ಚೀಟಿಯನ್ನು ಎಸೆಯುತ್ತಾಳೆ. ಚೀಟಿ ಗಾಳಿಗೆ ಹಾರಿ ಗಟಾರಕ್ಕೆ ಬೀಳುತ್ತದೆ. ಇವನ ಕೈಯಲ್ಲಿ ಹೂವು ಮಾತ್ರ ಉಳಿಯುತ್ತದೆ. ಕೊನೆಯಲ್ಲಿ ಅವನು ಮತ್ತೆ ಕೆಲಸಕ್ಕಾಗಿ ಕ್ಯೂನಲ್ಲಿ ನಿಂತಿದ್ದಾನೆ.

ಆ ದಿನ ನಾನು ಮಾಸ್ತರರ ಹತ್ತಿರ ಜಗಳಕ್ಕೇ ಹೋದೆ. "ಇದೆಂತ ಮಾಸ್ತರೇ, ಕೆಲಸವೂ ಸಿಗಲಿಲ್ಲ, ಹುಡುಗಿಯೂ ಸಿಗಲಿಲ್ಲ!" ಅವರು ಗೋಣಿಚೀಲ ಬಿಚ್ಚುತ್ತ, "ಕ್ಯೂನಲ್ಲಿ ನಿಂತವನ ಮುಖ ನೋಡಿದೆಯಾ? ಸುಳ್ಳು ಹೇಳಿದವನ ಮುಖವಾ ಅದು?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಈಗ ಮೂಕಿ ಚಿತ್ರಗಳ ಕಾಲಕ್ಕೆ ಸ್ವಲ್ಪ ಹೋಗಿ ಬರೋಣ. ನಮ್ಮ ದೇಶದಲ್ಲಿ ದಾದಾಸಾಹೇಬ್ ಫಾಲ್ಕೆ ಅವರ 'ರಾಜಾ ಹರಿಶ್ಚಂದ್ರ' ತೆರೆಕಂಡದ್ದು 1913ರಲ್ಲಿ. ಆಮೇಲೆ ಹದಿನೆಂಟು ವರ್ಷ ಸಿನಿಮಾಕ್ಕೆ ಮಾತಿರಲಿಲ್ಲ. 1931ರಲ್ಲಿ 'ಆಲಂ ಆರಾ' ಬಂತು, ತೆರೆ ಮಾತಾಡಿತು. ಕನ್ನಡದಲ್ಲಿ ಮಾತಾಡಿದ್ದು 1934ರಲ್ಲಿ, 'ಸತಿ ಸುಲೋಚನಾ' ಚಿತ್ರದ ಮೂಲಕ. ಅದರ ನಾಯಕ ನಾಟಕರಂಗದಿಂದ ಬಂದ ಎಂ.ವಿ. ಸುಬ್ಬಯ್ಯನಾಯ್ಡು. ಮಾತು ಬಂದದ್ದರಿಂದ ಕಂಪನಿ ನಾಟಕದವರಿಗೆ ಹೊಸ ಬಾಗಿಲು ತೆರೆಯಿತು. ಹಾಡಲು ಬರುವವರಿಗೆ, ಸ್ಪಷ್ಟವಾಗಿ ಸಂಭಾಷಣೆ ಹೇಳುವವರಿಗೆ ಒಳ್ಳೆಯ ಕಾಲ ಬಂತು.

ಆದರೆ ಒಂದು ಬಾಗಿಲು ತೆರೆಯುವಾಗ ಇನ್ನೊಂದು ಮುಚ್ಚಿತು. ತೆರೆಯ ಪಕ್ಕದಲ್ಲಿ ಕೂತು ಚಿತ್ರಕ್ಕೆ ತಕ್ಕಂತೆ ವಾದ್ಯ ನುಡಿಸುತ್ತಿದ್ದವರಿಗೆ ಕೆಲಸ ಹೋಯಿತು. ಕಣ್ಣು, ಕೈ, ನಡಿಗೆಯಿಂದಲೇ ಹೆಸರು ಮಾಡಿದ ತಾರೆಯರಲ್ಲಿ ಹಲವರು ಮೂಲೆಗೆ ಸರಿದರು. ಮುಂಬಯಿಯ ಸುಲೋಚನಾ ಅವರದ್ದು ಅಂಥ ಕಥೆ. ನಿಜವಾದ ಹೆಸರು ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದ ಹುಡುಗಿ ಮೂಕಿ ಕಾಲದ ಅತಿ ದೊಡ್ಡ ತಾರೆಯರಲ್ಲಿ ಒಬ್ಬಳಾದಳು. ಮಾತಿನ ಚಿತ್ರ ಬಂದಾಗ ತೊಡಕಾದದ್ದು ಭಾಷೆ. ಹಿಂದೂಸ್ತಾನಿ ಅವರ ನಾಲಗೆಗೆ ಹೊರಳುತ್ತಿರಲಿಲ್ಲ. ಅವರು ಮನೆಯಲ್ಲಿ ಅಳುತ್ತ ಕೂರಲಿಲ್ಲ. ಕೆಲಸಕ್ಕೆ ಬಿಡುವು ಕೊಟ್ಟು, ಕೂತು ಭಾಷೆ ಕಲಿತು, ತಮ್ಮದೇ ಹಳೆಯ ಮೂಕಿ ಚಿತ್ರಗಳನ್ನು ಮಾತಿನ ಚಿತ್ರಗಳಾಗಿ ಮತ್ತೆ ಮಾಡಿದರು. ಆದರೂ ಕಾಲ ಸರಿದಂತೆ ನಾಯಕಿಯಾಗಿದ್ದವರು ಸಣ್ಣ ಸಣ್ಣ ಪಾತ್ರಗಳಿಗೆ ಇಳಿದರು. 1973ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಕಲಿತರೂ ಹಳೆಯ ಪಟ್ಟ ಪೂರ್ತಿ ತಿರುಗಿ ಬರಲಿಲ್ಲ. ಆದರೆ ಕಲಿತದ್ದರಿಂದ ಕೆಲಸ ಉಳಿಯಿತು.

ಇಂಥವರ ಕಥೆಯನ್ನೇ ಇಟ್ಟುಕೊಂಡು 2011ರಲ್ಲಿ ಒಂದು ಚಿತ್ರ ಬಂತು. ಹೆಸರು 'ದಿ ಆರ್ಟಿಸ್ಟ್'. ಫ್ರಾನ್ಸಿನ ಮಿಷೆಲ್ ಹಜಾನವಿಸಿಯಸ್ ಅದರ ನಿರ್ದೇಶಕ. ತ್ರೀಡಿ ಚಿತ್ರಗಳ ಕಾಲದಲ್ಲಿ ಈತ ಕಪ್ಪು ಬಿಳುಪಿನಲ್ಲಿ, ಹಳೆಯ ಕಾಲದ ಚೌಕಾಕಾರದ ತೆರೆಗೆ, ಮಾತಿಲ್ಲದ ಚಿತ್ರ ಮಾಡಿದ. ಮಾತಿನ ಬದಲು ನಡುನಡುವೆ ಅಕ್ಷರದ ಫಲಕಗಳು ಬರುತ್ತವೆ. ಒಂದು ಸೆಕೆಂಡಿಗೆ 24 ಚೌಕಟ್ಟು ಓಡುವ ಚಿತ್ರವನ್ನು ಆತ 22 ಚೌಕಟ್ಟಿನ ವೇಗದಲ್ಲಿ ತೆಗೆದ. ಹಾಗಾಗಿ ಹಳೆಯ ಮೂಕಿ ಚಿತ್ರಗಳಂತೆ ಜನರ ನಡಿಗೆ ತುಸು ಚುರುಕಾಗಿ ಕಾಣುತ್ತದೆ. 2012ರ ಫೆಬ್ರವರಿಯಲ್ಲಿ ಆ ಚಿತ್ರಕ್ಕೆ ಐದು ಆಸ್ಕರ್ ಬಂತು: ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಸಂಗೀತ ಮತ್ತು ವಸ್ತ್ರವಿನ್ಯಾಸ.

ಕಥೆ 1927ರಲ್ಲಿ ಶುರುವಾಗುತ್ತದೆ. ಜಾರ್ಜ್ ವ್ಯಾಲೆಂಟಿನ್ ಹಾಲಿವುಡ್‌ನ ದೊಡ್ಡ ಮೂಕಿ ನಟ. ಚಿತ್ರ ಮುಗಿದ ಮೇಲೆ ವೇದಿಕೆಗೆ ಬಂದು ಚಪ್ಪಾಳೆ ತೆಗೆದುಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪೆಪ್ಪಿ ಮಿಲ್ಲರ್ ಎಂಬ ಅಭಿಮಾನಿ ಹುಡುಗಿ ಜನಜಂಗುಳಿಯಲ್ಲಿ ಆಕಸ್ಮಿಕವಾಗಿ ಅವನ ಮೇಲೆ ಬೀಳುತ್ತಾಳೆ. ಮುಂದೆ ಅವನ ಚಿತ್ರದಲ್ಲೇ ಅವಳಿಗೆ ಒಂದು ಚಿಕ್ಕ ಪಾತ್ರ ಸಿಗುತ್ತದೆ. ಅವಳೊಂದಿಗೆ ಕುಣಿಯುವ ದೃಶ್ಯದಲ್ಲಿ ಅವನಿಗೆ ಪಾತ್ರವೇ ಮರೆತುಹೋಗಿ ಮತ್ತೆ ಮತ್ತೆ ಚಿತ್ರೀಕರಿಸಬೇಕಾಗುತ್ತದೆ. ನಟಿಯಾಗಬೇಕಾದರೆ ಬೇರೆಯವರಲ್ಲಿ ಇಲ್ಲದ್ದು ನಿನ್ನಲ್ಲಿ ಏನಾದರೂ ಇರಬೇಕು ಎಂದು ಹೇಳಿ ಅವಳ ತುಟಿಯ ಮೇಲ್ಗಡೆ ಅವನೇ ಒಂದು ಮಚ್ಚೆ ಬರೆಯುತ್ತಾನೆ. ಒಂದು ಕಡೆ ಅವನ ಕೋಟು ತೂಗುಹಾಕಿದೆ. ಅವಳು ಒಂದು ತೋಳಿನೊಳಗೆ ತನ್ನ ಕೈ ತೂರಿಸಿ, ಆ ಕೋಟಿನಿಂದ ತನ್ನನ್ನೇ ಅಪ್ಪಿಸಿಕೊಳ್ಳುತ್ತಾಳೆ. ಪ್ರೀತಿಯ ಬಗ್ಗೆ ಹತ್ತು ಪುಟ ಸಂಭಾಷಣೆ ಬರೆದರೂ ಆ ತೋಳಿಗೆ ಸಮನಾಗುವುದಿಲ್ಲ.

ನಮ್ಮ ಹೊನ್ನಾವರದ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕಣ್ಣು, ಹೆಜ್ಜೆ ನೋಡಿದವರು ನಾವು. ಎಂಬತ್ತು ದಾಟಿದ ಮೇಲೂ ಅವರು ಗೆಜ್ಜೆ ಕಟ್ಟುತ್ತಿದ್ದರು. 'ಆರ್ಟಿಸ್ಟ್'ಗೆ ಆಸ್ಕರ್ ಬಂದ 2012ರಲ್ಲೇ ಅವರಿಗೆ ಪದ್ಮಶ್ರೀ ಬಂತು. ಮೈಯಲ್ಲಿ ಇಳಿದ ವಿದ್ಯೆ ಸುಲಭಕ್ಕೆ ಹೋಗುವುದಿಲ್ಲ ಅನ್ನುವುದನ್ನು ಅವರು ರಂಗದ ಮೇಲೆಯೇ ತೋರಿಸಿದರು.

ಜಾರ್ಜ್‌ನ ಕಥೆಗೆ ಬರೋಣ. ಚಿತ್ರಕ್ಕೆ ಮಾತು ಬರುತ್ತದೆ. ಯಜಮಾನ ಕರೆದು ತೋರಿಸಿದರೆ ಜಾರ್ಜ್ ನಗುತ್ತಾನೆ. ಆ ರಾತ್ರಿ ಒಂದು ಕನಸು. ಗ್ಲಾಸು ಮೇಜಿನ ಮೇಲಿಟ್ಟರೆ ಟಕ್ ಎಂದು ಸದ್ದಾಗುತ್ತದೆ, ನಾಯಿ ಬೊಗಳಿದ್ದು ಕೇಳುತ್ತದೆ, ಹುಡುಗಿಯರು ನಕ್ಕದ್ದು ಕೇಳುತ್ತದೆ. ಅವನು ಬಾಯಿ ಬಿಟ್ಟು ಕಿರುಚಿದರೆ ಮಾತ್ರ ಏನೂ ಕೇಳುವುದಿಲ್ಲ. ಜಗತ್ತೆಲ್ಲ ಹೊಸ ಭಾಷೆ ಕಲಿತುಬಿಟ್ಟಿದೆ, ತನಗೊಬ್ಬನಿಗೇ ಬರುತ್ತಿಲ್ಲ.

ಅವನು ಕಲಿಯುವುದಿಲ್ಲ, ಹಟ ಹಿಡಿಯುತ್ತಾನೆ. ತನ್ನದೇ ಹಣ ಹಾಕಿ ಒಂದು ಮೂಕಿ ಚಿತ್ರ ಮಾಡುತ್ತಾನೆ. ಅದು ಬಿಡುಗಡೆಯಾಗುವ ದಿನವೇ ಪೆಪ್ಪಿಯ ಮಾತಿನ ಚಿತ್ರವೂ ಬಿಡುಗಡೆಯಾಗುತ್ತದೆ. ಅವಳ ಚಿತ್ರಕ್ಕೆ ಉದ್ದದ ಕ್ಯೂ, ಇವನ ಚಿತ್ರಕ್ಕೆ ಖಾಲಿ ಕುರ್ಚಿ. ಅದೇ ಹೊತ್ತಿಗೆ 1929ರ ಷೇರು ಮಾರುಕಟ್ಟೆಯ ಕುಸಿತ. ಹಣ ಹೋಯಿತು, ಹೆಂಡತಿ ಹೋದಳು, ಮನೆಯ ಸಾಮಾನು ಹರಾಜಾಯಿತು. ಒಂದು ವರ್ಷದಿಂದ ಸಂಬಳವಿಲ್ಲದೆ ಜೊತೆಗಿದ್ದ ಕಾರಿನ ಡ್ರೈವರನ್ನೂ ಕಳಿಸಿಬಿಟ್ಟ. ಒಂದು ದಿನ ತನ್ನ ಹಳೆಯ ಚಿತ್ರಗಳ ಸುರುಳಿಗಳಿಗೆ ತಾನೇ ಬೆಂಕಿ ಹಚ್ಚಿದ. ಅವನ ನಾಯಿ ಓಡಿಹೋಗಿ ಪೊಲೀಸನನ್ನು ಕರೆತಂದದ್ದರಿಂದ ಜೀವ ಉಳಿಯಿತು. ಎದೆಗೆ ಅವುಚಿಕೊಂಡಿದ್ದ ಒಂದೇ ಒಂದು ಸುರುಳಿಯನ್ನು ನೋಡಿದರೆ, ಅದರಲ್ಲಿದ್ದದ್ದು ಪೆಪ್ಪಿಯ ಜೊತೆ ಕುಣಿದ ಆ ದೃಶ್ಯ.

ಅವನನ್ನು ಪೆಪ್ಪಿ ತನ್ನ ಮನೆಗೆ ಕರೆದೊಯ್ಯುತ್ತಾಳೆ. ಅವನಿಗೊಂದು ಪಾತ್ರ ಕೊಡಬೇಕೆಂದು ಯಜಮಾನನ ಹತ್ತಿರ ಹಟ ಮಾಡುತ್ತಾಳೆ. ಆದರೆ ಹರಾಜಾದ ತನ್ನ ಸಾಮಾನನ್ನೆಲ್ಲ ಅವಳೇ ಗುಟ್ಟಾಗಿ ಕೊಂಡಿದ್ದಳು ಅನ್ನುವುದು ಗೊತ್ತಾದ ಕ್ಷಣ ಅವನ ಮಾನಕ್ಕೆ ಪೆಟ್ಟು ಬೀಳುತ್ತದೆ. ಸುಟ್ಟ ಮನೆಗೆ ವಾಪಸು ಹೋಗಿ ಪಿಸ್ತೂಲು ಕೈಗೆತ್ತಿಕೊಳ್ಳುತ್ತಾನೆ. ಅವಳು ಓಡಿಬಂದು ತಡೆಯುತ್ತಾಳೆ. ಆಮೇಲೆ ಅವಳಿಗೇ ಹೊಳೆಯುತ್ತದೆ: ಮಾತು ಬಾರದಿದ್ದರೆ ಬೇಡ, ಇವನಿಗೆ ಕುಣಿಯಲು ಬರುತ್ತದಲ್ಲ! ಕೊನೆಯ ದೃಶ್ಯದಲ್ಲಿ ಇಬ್ಬರೂ ಏದುಸಿರು ಬಿಡುವಷ್ಟು ಕುಣಿಯುತ್ತಾರೆ. ಅಲ್ಲಿ ಚಿತ್ರಕ್ಕೆ ಸದ್ದು ಬರುತ್ತದೆ. ಇನ್ನೊಮ್ಮೆ ಮಾಡುತ್ತೀರಾ ಎಂದು ಕೇಳಿದಾಗ ಜಾರ್ಜ್ ಸಂತೋಷದಿಂದ ಎಂಬ ಅರ್ಥದ ಎರಡೇ ಶಬ್ದ ಆಡುತ್ತಾನೆ. ಅವನ ಇಂಗ್ಲಿಷಿನಲ್ಲಿ ಫ್ರೆಂಚ್ ವಾಸನೆ ಇದೆ. ಮಾತಿಗೆ ಯಾಕೆ ಅಷ್ಟು ಹೆದರಿದ್ದ ಎಂದು ಆಗ ನಮಗೂ ಸ್ವಲ್ಪ ತಿಳಿಯುತ್ತದೆ.

ಈ ಚಿತ್ರವನ್ನು ನಾನು ನೋಡಿದ್ದು ಆಸ್ಕರ್ ಬಂದ ವರ್ಷದಲ್ಲಿ ಅಲ್ಲ. ಆಗ ಹೊಸ ಕೆಲಸ, ಹೊಸ ಸಂಬಳ. ಹಳೆಯ ನಟನ ದುಃಖ ನನಗೆ ಯಾಕೆ? ನೋಡಿದ್ದು ಮೊನ್ನೆ ಮೊನ್ನೆ, ನನ್ನ ಕೆಲಸ ಹೋದ ಮೇಲೆ.

ಇದನ್ನು ಈ ವೇದಿಕೆಯಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಸುವರ್ಣ ಮಹೋತ್ಸವಕ್ಕೆ ಕರೆಸುವುದು ಗೆದ್ದವರನ್ನು ಅಂತ ಲೆಕ್ಕ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಇ. ಎಂದು ಅಚ್ಚಾಗಿದೆ. ಆದರೆ ಇಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ?

ನಾನು ಹನ್ನೊಂದು ವರ್ಷ ಒಂದು ಹಳೆಯ ತಂತ್ರಾಂಶವನ್ನು ನೋಡಿಕೊಳ್ಳುವ ತಂಡದಲ್ಲಿದ್ದೆ. ಅದರ ಮೂಲೆ ಮೂಲೆ ನನಗೆ ಗೊತ್ತಿತ್ತು. ಎಲ್ಲಿ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಆ ಸಣ್ಣ ಲೋಕದಲ್ಲಿ ನಾನೂ ಒಬ್ಬ ಜಾರ್ಜ್ ವ್ಯಾಲೆಂಟಿನ್. ಹೊಸದನ್ನು ಕಲಿಯಿರಿ ಎಂದು ಮೂರು ವರ್ಷದಿಂದ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಒಂದು ಸೋಮವಾರ ಕರೆದು, ಆ ತಂತ್ರಾಂಶವನ್ನೇ ನಿಲ್ಲಿಸುತ್ತಿದ್ದೇವೆ, ತಂಡ ಬೇಡ ಎಂದರು. ಹನ್ನೊಂದು ವರ್ಷದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ನಾನು ಮನೆಯಲ್ಲಿ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಚೀಲದಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ, ಅದನ್ನು ಕಂಪನಿಗೆ ವಾಪಸು ಕೊಟ್ಟಾಗಿತ್ತು. ಊಟದ ಡಬ್ಬಿ ಮತ್ತು ಒಂದು ಪುಸ್ತಕ ಮಾತ್ರ. ಗ್ರಂಥಾಲಯ, ಪಾರ್ಕು, ಮೆಟ್ರೋ ಸ್ಟೇಷನ್. ಸಂಜೆ ವಾಪಸು. ಹೀಗೆ ಎರಡೂವರೆ ತಿಂಗಳು. 'ಪುಷ್ಪಕ ವಿಮಾನ'ದ ಹುಡುಗ ಶ್ರೀಮಂತನ ವೇಷ ಹಾಕಿದರೆ, ನಾನು ಕೆಲಸವಿದ್ದವನ ವೇಷ ಹಾಕಿದ್ದೆ. ಊರಿಗೆ ಪ್ರತಿ ತಿಂಗಳು ಕಳಿಸುವ ಹಣವನ್ನು ಉಳಿತಾಯದಿಂದ ಕಳಿಸಿದೆ. ಚೌತಿಗೆ ಬಂದಾಗ ಅಪ್ಪ, "ತಮಾ, ಕೆಲಸ ಹೆಂಗುಂಟು?" ಎಂದು ಕೇಳಿದರು. "ಚಲೋ ಉಂಟು" ಎಂದೆ.

ಆ ನಡುವೆ ಒಂದು ಫೋನ್ ಬಂತು. ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ, ಈಗ ಬೇರೆ ಕಡೆ ಒಂದು ತಂಡದ ಮುಖ್ಯಸ್ಥೆ. "ಸರ್, ವಿಷಯ ಗೊತ್ತಾಯಿತು. ನಮ್ಮಲ್ಲಿ ಒಂದು ಜಾಗ ಇದೆ. ಹೊಸದಾಗಿ ಕೆಲವು ಕಲಿಯಬೇಕಾಗುತ್ತದೆ. ಬರುತ್ತೀರಾ?" ನಾನು "ನೋಡೋಣ" ಎಂದು ಫೋನ್ ಇಟ್ಟೆ. ಆ ರಾತ್ರಿ ನನಗೆ ಬಂದದ್ದು ಕೃತಜ್ಞತೆ ಅಲ್ಲ, ಸಿಟ್ಟು. ನಾನು ಕಲಿಸಿದವಳ ಕೆಳಗೆ ನಾನು ಕೆಲಸ ಮಾಡಬೇಕೇ?

ಅಂಥ ಒಂದು ರಾತ್ರಿ ನಿದ್ದೆ ಬಾರದೆ 'ದಿ ಆರ್ಟಿಸ್ಟ್' ಹಾಕಿದೆ. ಅದರಲ್ಲಿ ಒಂದು ದೃಶ್ಯ ಇದೆ. ಜಾರ್ಜ್‌ನ ಹೆಂಡತಿ, ನಾವು ಮಾತಾಡಬೇಕು ಎನ್ನುತ್ತಾಳೆ. ಅವನು ಸುಮ್ಮನಿರುತ್ತಾನೆ. ನೀನು ಯಾಕೆ ಮಾತಾಡುವುದಿಲ್ಲ ಎಂದು ಅವಳು ಕೇಳಿದ್ದು ಫಲಕದ ಮೇಲೆ ಬರುತ್ತದೆ. ಮೂಕಿ ಚಿತ್ರದಲ್ಲಿ ಇದು ತಮಾಷೆಯ ಮಾತು. ನನಗೆ ನಗು ಬರಲಿಲ್ಲ. ತಿರುಗಿ ನೋಡಿದರೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳೂ ಅದನ್ನೇ ಕೇಳಿದಳು. ಚಿತ್ರ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾದಳು. ಕೆಲಸ ಹೋದದ್ದಕ್ಕಲ್ಲ, ಎರಡೂವರೆ ತಿಂಗಳು ಖಾಲಿ ಚೀಲಕ್ಕೆ ಊಟ ಕಟ್ಟಿಸಿಕೊಂಡದ್ದಕ್ಕೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಅಜ್ಜನ ಕಥೆ ಹೇಳಿದರು.

ಇಲ್ಲಿರುವ ಹಿರಿಯರಿಗೆ ರಂಪಣಿ ನೆನಪಿದೆ. ಮಕ್ಕಳಿಗಾಗಿ ಹೇಳುತ್ತೇನೆ. ರಂಪಣಿ ಅಂದರೆ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು. ಬಂಗಡೆ, ತಾರ್ಲೆ ರಾಶಿ ರಾಶಿಯಾಗಿ ಬೀಳುತ್ತಿತ್ತು. ನನ್ನಜ್ಜನ ಕೆಲಸ ದಡದ ದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡಿ ಹಿಂಡು ಎಲ್ಲಿದೆ ಎಂದು ತೋರಿಸುವುದು. ಗಾಳಿಯಲ್ಲಿ ಕೂಗಿದರೆ ದೋಣಿಗೆ ಕೇಳುವುದಿಲ್ಲ. ಆದ್ದರಿಂದ ಹೆಗಲ ಮೇಲಿನ ವಸ್ತ್ರ ಬೀಸಿ ಸನ್ನೆ ಮಾಡುತ್ತಿದ್ದರು. ಎಡಕ್ಕೆ ಬೀಸಿದರೆ ದೋಣಿ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ಇಡೀ ಕಡಲದಂಡೆ ಅವರ ಕೈಯನ್ನೇ ನೋಡುತ್ತಿತ್ತಂತೆ. ಟೊಂಕದ ಮೂಕಿ ನಟ ನನ್ನಜ್ಜ!

1970ರ ದಶಕದ ಕೊನೆಯಲ್ಲಿ ಇಂಜಿನ್ ಹಾಕಿದ ಪರ್ಸಿನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯತೊಡಗಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಅಜ್ಜ ದಿನಾ ಬೆಳಿಗ್ಗೆ ದಿಬ್ಬಕ್ಕೆ ಹೋಗಿ ನಿಂತು, ಮಧ್ಯಾಹ್ನ ವಾಪಸು ಬರುತ್ತಿದ್ದರು. ದೋಣಿ ಇಲ್ಲ, ಸನ್ನೆ ಯಾರಿಗೆ? ಮನೆಯಲ್ಲಿ ಒಂದು ಮಾತಿಲ್ಲ. ಅಜ್ಜಿಯ ಚಿನ್ನ ಅಡವಿಟ್ಟದ್ದೂ ಅಜ್ಜಿಗೆ ಗೊತ್ತಾದದ್ದು ತಡವಾಗಿ. ಹಿಂದೆ ಅವರ ರಂಪಣಿಯಲ್ಲಿ ಹಗ್ಗ ಎಳೆಯುತ್ತಿದ್ದ ಹುಡುಗನೊಬ್ಬ ಬೋಟಿನ ತಾಂಡೇಲನಾಗಿದ್ದ. ಅವನು ಮನೆಗೆ ಬಂದು ಕರೆದ. ಅಜ್ಜ ಹೋಗಲಿಲ್ಲ. ಎರಡನೇ ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ಅಜ್ಜಿ, "ಹೆಗಲ ಮೇಲಿನ ವಸ್ತ್ರ ಬೀಸುದಕ್ಕೆ ಮಾತ್ರ ಅಲ್ಲ, ಬೆವರು ಒರೆಸುದಕ್ಕೂ ಉಂಟು" ಎಂದರಂತೆ. ಆ ವರ್ಷ ಬೋಟು ಕಡಲಿಗಿಳಿದಾಗ ಅಜ್ಜ ಹೋದರು, ಬಲೆ ಹೊಲಿಯುವ ಕೆಲಸಕ್ಕೆ. ಕೆಲವು ದಿನಗಳಲ್ಲಿ ತಾಂಡೇಲ ಅವರನ್ನು ಬೋಟಿನ ಮುಂದಕ್ಕೆ ಕರೆದು ಕೂರಿಸಿದ. "ಇಂಜಿನ್ ಬಂದಿತ್ತು ತಮಾ, ನೀರು ನೋಡುವ ಕಣ್ಣು ಬಂದಿರಲಿಲ್ಲ" ಎಂದರು ಅಪ್ಪ.

ಆ ಮೇಲೆ ಒಂದು ಮಾತು ಸೇರಿಸಿದರು: "ಎಲ್ಲರಿಗೂ ಹಾಗೆ ಆಗಲಿಲ್ಲ. ಬರೀ ಹಗ್ಗ ಎಳೆಯುತ್ತಿದ್ದವರನ್ನು ಯಾರೂ ಕರೆಯಲಿಲ್ಲ."

ನಾನು ಅದೇ ದಿನ ಆ ಹುಡುಗಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಆ ಜಾಗ ತುಂಬಿಹೋಗಿತ್ತು. ಮತ್ತೆ ಎರಡು ತಿಂಗಳು ಕಲಿತೆ, ಕ್ಯೂನಲ್ಲಿ ನಿಂತೆ. ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಪರೀಕ್ಷೆ ಬರೆದೆ, ಎರಡು ಕಡೆ ಬೇಡ ಎನಿಸಿಕೊಂಡೆ. ಆಮೇಲೆ ಅವಳ ತಂಡದಲ್ಲೇ ಇನ್ನೊಂದು ಜಾಗ ತೆರೆಯಿತು. ಇವತ್ತು ನಾನು ಅವಳ ಕೆಳಗೆ ಕೆಲಸ ಮಾಡುತ್ತೇನೆ. ಸಂಬಳ ಮೊದಲಿಗಿಂತ ಕಡಿಮೆ. ಹಳೆಯ ತಂತ್ರಾಂಶದ ಒಂದೊಂದು ದೋಷದ ಹಿಂದೆ ಬಿದ್ದು ಕಲಿತ ತಾಳ್ಮೆ ಹೊಸ ಕೆಲಸದಲ್ಲೂ ಉಪಯೋಗಕ್ಕೆ ಬರುತ್ತಿದೆ. ಜಾರ್ಜ್‌ಗೆ ಕುಣಿತ ಉಳಿದಂತೆ, ಅಜ್ಜನಿಗೆ ಕಣ್ಣು ಉಳಿದಂತೆ, ನನಗೆ ಅಷ್ಟು ಉಳಿದಿದೆ.

ಡ್ರಾಯಿಂಗ್ ಮಾಸ್ತರು ಅಂದು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಹೌದು ಮಾಸ್ತರೇ, ಕ್ಯೂನಲ್ಲಿ ನಿಂತವನ ಮುಖ ಸುಳ್ಳು ಹೇಳಿದವನ ಮುಖವಲ್ಲ. ಹೋಟೆಲಿನಲ್ಲಿದ್ದಾಗ ಅವನಿಗೆ ಎಲ್ಲ ಇತ್ತು, ನಿದ್ದೆ ಇರಲಿಲ್ಲ. ಕ್ಯೂನಲ್ಲಿ ಏನೂ ಇಲ್ಲ, ಆದರೆ ಅವನು ಅವನೇ.

ಮಕ್ಕಳೇ, ನೀವು ಈಗ ಕಲಿಯುವ ಯಾವುದೋ ಒಂದು ವಿದ್ಯೆ ನಿಮಗೆ ಮೂವತ್ತೈದಾಗುವುದರೊಳಗೆ ಹಳತಾಗುತ್ತದೆ. ಅದಕ್ಕೆ ಹೆದರಬೇಡಿ. ಮತ್ತೆ ಕಲಿಯಬಹುದು. ಆದರೆ ಕೆಲಸ ಹೋದ ದಿನ, ಪರೀಕ್ಷೆಯಲ್ಲಿ ಬಿದ್ದ ದಿನ ಅದನ್ನು ಮನೆಗೆ ಬಂದು ಹೇಳಿ. ಮೌನ ಸಿನಿಮಾದಲ್ಲಿ ಚಂದ, ಮನೆಯಲ್ಲಿ ಅಲ್ಲ. ತಂದೆ ತಾಯಂದಿರೇ, ಮಕ್ಕಳು ಬಂದು ಹೇಳುವಂತೆ ಬಾಗಿಲು ತೆರೆದಿಡಿ. "ಕೆಲಸ ಹೆಂಗುಂಟು?" ಎಂದು ಕೇಳುವ ಮೊದಲು "ನೀನು ಹೆಂಗಿದ್ದೆ?" ಎಂದು ಕೇಳಿ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಜಾರ್ಜ್‌ಗೆ ಪೆಪ್ಪಿ ಸಿಕ್ಕಳು, ಅಜ್ಜನಿಗೆ ತಾಂಡೇಲ ಸಿಕ್ಕ, ನನಗೆ ಆ ಹುಡುಗಿ ಸಿಕ್ಕಳು. 'ಪುಷ್ಪಕ ವಿಮಾನ'ದ ಹುಡುಗನಿಗೆ ಯಾರೂ ಸಿಗಲಿಲ್ಲ, ಹಗ್ಗ ಎಳೆದವರಿಗೂ ಸಿಗಲಿಲ್ಲ. ಯಾರಾದರೂ ಸಿಗುವುದನ್ನು ಅದೃಷ್ಟಕ್ಕೆ ಬಿಡಬಾರದು. ಈ ಮಹೋತ್ಸವದ ನೆನಪಿಗೆ ಶಾಲೆಯ ಆಫೀಸಿನಲ್ಲಿ ಒಂದು ವಹಿ ಇಡೋಣ. ಯಾರಿಗೆ ಯಾವ ಕೆಲಸ ಬರುತ್ತದೆ, ಯಾರು ಏನು ಕಲಿಸಬಲ್ಲರು ಎಂದು ಹೆಸರು, ಫೋನ್ ನಂಬರ್ ಬರೆಯೋಣ. ಇಂಜಿನಿಯರ್, ದರ್ಜಿ, ಬೋಟಿನ ಮೆಕ್ಯಾನಿಕ್, ನರ್ಸು, ಎಲ್ಲರೂ. ಈ ಶಾಲೆಯಲ್ಲಿ ಓದಿದ ಯಾರಿಗೆ ಕಷ್ಟ ಬಂದರೂ ಬಂದು ಆ ವಹಿ ತೆರೆಯಲಿ. ಅದರ ಮೊದಲನೆಯ ಪುಟದಲ್ಲಿ ಇವತ್ತು ಬೆಳಿಗ್ಗೆ ನನ್ನ ಹೆಸರು ಬರೆದಿದ್ದೇನೆ. ಅದರ ಮುಂದೆ ಬಿ.ಇ. ಎಂದು ಹಾಕಲಿಲ್ಲ. "ಎರಡನೇ ಸಲ ಕಲಿತವನು, ಬೇಕಾದವರಿಗೆ ಕಲಿಸುತ್ತಾನೆ" ಎಂದು ಬರೆದಿದ್ದೇನೆ.

ಮಾತಿಲ್ಲದ ಸಿನಿಮಾದ ಬಗ್ಗೆ ಇಷ್ಟು ಮಾತಾಡಿದ್ದಕ್ಕೆ ಕ್ಷಮೆ ಇರಲಿ.